ಸಿಕ್ಕು ಬಿಡಿಸುವ ಪಾಳೇಗಾರ

ಅಜ್ಜಿಯರು ಹೇಳುವ ಕಥೆಗಳಲ್ಲಿ ಕೂದಲಿಗೆ ಬಹಳ ಮರ್ಯಾದೆ. ಹೊಳೆಯಲ್ಲಿ ಒಂದೇ ಒಂದು ಎಳೆ ಕೂದಲು ತೇಲಿಬರುತ್ತದೆ, ಅದನ್ನು ಕಂಡ ರಾಜಕುಮಾರ ಅನ್ನ ನೀರು ಬಿಟ್ಟು ಮುಸುಕೆಳೆದು ಮಲಗುತ್ತಾನೆ, ಮಂತ್ರಿಯ ಮಗ ಕುದುರೆ ಏರಿ ಹೊರಡುತ್ತಾನೆ. ಆದರೆ ಅಷ್ಟುದ್ದದ ಕೂದಲನ್ನು ದಿನಾ ಬಾಚುತ್ತಿದ್ದವರು ಯಾರು, ಬಾಚುವಾಗ ಆ ರಾಜಕುಮಾರಿ ಎಷ್ಟು ಒದೆಯುತ್ತಿದ್ದಳು ಎಂಬುದನ್ನು ಮಾತ್ರ ಯಾವ ಅಜ್ಜಿಯೂ ಹೇಳಿದ್ದಿಲ್ಲ. ಚನ್ನಪಟ್ಟಣದ ನಾಗಲಕ್ಷ್ಮಮ್ಮನಿಗೆ ಈ ಪ್ರಶ್ನೆ ಪ್ರತಿ ಬೆಳಗ್ಗೆಯೂ ಏಳುತ್ತಿತ್ತು. ಅವಳ ಎರಡು ಮೊಣಕಾಲಿನ ನಡುವೆ ಸಿಕ್ಕಿಕೊಂಡು ಒದೆಯುತ್ತಿದ್ದುದು ರಾಜಕುಮಾರಿಯಲ್ಲ, ಎರಡನೇ ಕ್ಲಾಸಿನ ನಂಜುಂಡ.

ನಂಜುಂಡನ ಕೂದಲು ಸೊಂಟ ಮುಟ್ಟಿತ್ತು. ಹುಟ್ಟಿದಾಗಿನಿಂದ ಅದು ಕತ್ತರಿಯನ್ನು ಕಂಡಿರಲಿಲ್ಲ. ಎರಡು ಜಡೆ ಹೆಣೆದು, ಮಡಚಿ ಕಟ್ಟಿ, ಮೇಲೆ ಒಂದು ಕ್ಯಾಪು ಹಾಕಿ ಶಾಲೆಗೆ ಕಳಿಸಿದರೆ ಕ್ಯಾಪು ಪ್ರಾರ್ಥನೆಯ ಹೊತ್ತಿಗೇ ಯಾರದೋ ಕೈ ಸೇರುತ್ತಿತ್ತು. ಆಮೇಲೆ ಇಡೀ ದಿನ ಅವನ ಹೆಸರು ನಂಜಮ್ಮ.

ಅವರ ಮನೆತನದಲ್ಲಿ ಮಗುವಿನ ಮೊದಲ ಮುಡಿಯನ್ನು ಮನೆದೇವರ ಮುಂದೆಯೇ ತೆಗೆಸಬೇಕು. ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಮನೆದೇವರು ಮರಳವಾಡಿಯ ಆಚೆಯ ಗುಡ್ಡದ ಮೇಲೆ ಸುಖವಾಗಿದ್ದ. ಕ್ಷೌರದವನು ಗುಡ್ಡದ ಬುಡದಲ್ಲೇ ಇದ್ದ. ಕೂದಲಂತೂ ಬೇಕಾದಷ್ಟಿತ್ತು. ಇಲ್ಲದ್ದು ತೊಡೆ ಒಂದೇ.

ಆ ತೊಡೆಯ ಒಡೆಯ ನಾಗಲಕ್ಷ್ಮಮ್ಮನ ಅಣ್ಣ, ಗುಡೇಮಾರನಹಳ್ಳಿಯ ಮುನಿರಾಮಯ್ಯ. ನಂಜುಂಡನನ್ನು ತೊಟ್ಟಿಲಿಗೆ ಹಾಕಿದ ಮಾರನೇ ದಿನ ಬಾಡೂಟ ನಡೆದಿತ್ತು. ಊರವರ ಪಂಕ್ತಿ ಎದ್ದ ಮೇಲೆ, ಸೋದರಮಾವನೆಂದು ಮುನಿರಾಮಯ್ಯನನ್ನು ನೆಂಟರ ಸಾಲಿನ ಮೊದಲಿಗೇ ಕೂರಿಸಿದ್ದರು. ಮುದ್ದೆ ಬಿತ್ತು, ಸಾರು ಬಿತ್ತು, ಈರುಳ್ಳಿಯೂ ಬಿತ್ತು. ಬಾಡಿನ ಚೂರು ಮಾತ್ರ ಬೀಳಲಿಲ್ಲ. ಬಡಿಸುತ್ತಿದ್ದವಳು ನಾಗಲಕ್ಷ್ಮಮ್ಮನ ಅತ್ತೆ ಅಂಕಮ್ಮ. ಅವಳು ಸೌಟಿನಲ್ಲಿ ಬರೀ ಸಾರನ್ನು ಎರಡು ಸಲ ಹೊಯ್ದು ಮುಂದೆ ಹೋದಳು. ಮುನಿರಾಮಯ್ಯ ಎಲೆಯಲ್ಲಿ ಬೆರಳಾಡಿಸಿ ನೋಡಿದ. ಆಮೇಲೆ ಎದ್ದು ಕೈ ತೊಳೆಯದೆಯೇ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟ.

ಅಲ್ಲಿಂದಾಚೆಗೆ ಅವನು ಈ ಮನೆಯ ಹೊಸಿಲು ತುಳಿಯಲಿಲ್ಲ. "ಅವ್ನು ಬಂದು ತಪ್ಪಾಯ್ತು ಅನ್ಲಿ" ಎಂದು ಅಂಕಮ್ಮ ಕೂತಳು. "ಅವಮ್ಮ ಕರೀಲಿ" ಎಂದು ಅವನು ಕೂತ. ಇಬ್ಬರ ಹಟದ ನಡುವೆ ನಂಜುಂಡನ ಕೂದಲು ಬೆಳೆಯಿತು. ನಾಗಲಕ್ಷ್ಮಮ್ಮ ತವರಿನ ದಾರಿ ಮರೆತಳು ಎಂದು ಜನ ಅಂದುಕೊಂಡರು. ಮರೆತಿರಲಿಲ್ಲ. ಮಾಗಡಿಯ ಬಸ್ಸು ಯಾವ ತಿರುವಿನಲ್ಲಿ ಹಾರ್ನ್ ಹೊಡೆಯುತ್ತದೆ ಎಂಬುದೂ ಅವಳಿಗೆ ನೆನಪಿತ್ತು. ಮಗನ ತಲೆ ಬಾಚುವಾಗಲೆಲ್ಲ ಅವಳು ಆ ಬಸ್ಸಿನಲ್ಲೇ ಇರುತ್ತಿದ್ದಳು. ಹಾಗಾಗಿಯೇ ಬಾಚಣಿಗೆ ಒಂದೊಂದು ಸಲ ಕಿವಿಗೆ ತಗಲುತ್ತಿತ್ತು.

ಅವಳ ಗಂಡ ಬೋರಯ್ಯನಿಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ. ಮುನಿರಾಮಯ್ಯ ಗೂಡು ಮಾರಲು ಅಲ್ಲಿಗೇ ಬರುತ್ತಿದ್ದ. ಭಾವ ಭಾಮೈದ ಇಬ್ಬರೂ ಇಷ್ಟು ವರ್ಷವೂ ಅಲ್ಲಿ ಒಟ್ಟಿಗೆ ಟೀ ಕುಡಿಯುತ್ತಿದ್ದರು. ಮನೆಗೆ ಬಂದ ಮೇಲೆ ಬೋರಯ್ಯ "ನಿಮ್ಮಣ್ಣ ಕಂಡಂಗಾಯ್ತು" ಎಂದಷ್ಟೇ ಹೇಳಿ ಪೇಪರಿನ ಹಿಂದೆ ಅಡಗುತ್ತಿದ್ದ. ಆದರೆ ಆ ಸೋಮವಾರ ಅವನು ಪೇಪರು ತೆಗೆಯಲಿಲ್ಲ.

"ಭಾನುವಾರ ಬತ್ತಾನಂತೆ ಕಣೆ. ಇಸ್ಕೂಲಲ್ಲಿ ನಂಜುಂಡನ್ನ ನಂಜಮ್ಮ ಅಂತಾರೆ ಅಂದೆ. ಅಳ್ಬುಟ್ಟ."

"ಅಣ್ಣಯ್ಯ ಅತ್ತನಾ?"

"ಟೀ ಬಿಸಿ ಅಂದ. ನಾ ನಂಬ್ದೋನಂಗೆ ಇದ್ದೆ. ಆದ್ರೆ ಸೀದಾ ಗುಡ್ಡಕ್ಕೇ ಬತ್ತಾನಂತೆ. ಮನೆಗ್ ಬರಾಕಿಲ್ಲ, ನಿಮ್ ನೀರೂ ಮುಟ್ಟಾಕಿಲ್ಲ, ತೊಡೆ ಕೊಟ್ಟು ಎದ್ದೋಯ್ತೀನಿ ಅಂದವ್ನೆ."

ಒಳಗಿನಿಂದ ಅಂಕಮ್ಮನ ದನಿ ಬಂತು. "ತೊಡೆ ಬಂದ್ರೆ ಸಾಕು ಬುಡು. ಮಿಕ್ಕಿದ್ದು ಯಾರಿಗ್ ಬೇಕಾಗದೆ."

ನಾಗಲಕ್ಷ್ಮಮ್ಮನಿಗೆ ಮಿಕ್ಕಿದ್ದೂ ಬೇಕಾಗಿತ್ತು. ಆದರೂ ತೊಡೆಯಿಂದಲೇ ಶುರುವಾಗಲಿ ಎಂದು ಆ ಸಂಜೆ ಸಂತೋಷದಲ್ಲಿ ಮಗನ ತಲೆ ಬಿಚ್ಚಿದಳು. ಆಗಲೇ ಕೈಗೆ ಅದು ಸಿಕ್ಕಿದ್ದು. ಕತ್ತಿನ ಹಿಂದೆ, ಮೇಲಿನ ಕೂದಲು ಎತ್ತಿದರೆ ಮಾತ್ರ ಕಾಣುವ ಜಾಗದಲ್ಲಿ, ನಿಂಬೆಹಣ್ಣಿನ ಗಾತ್ರದ ಗಂಟು. ಮುಟ್ಟಿದರೆ ತೆಂಗಿನ ನಾರಿನಂತೆ ಬಿರುಸು. ನಂಜುಂಡ ಅದನ್ನು ಎಷ್ಟು ದಿನದಿಂದ ಬಚ್ಚಿಟ್ಟಿದ್ದನೋ, ಅಲ್ಲಿಗೆ ಬಾಚಣಿಗೆ ಬಂದಾಗಲೆಲ್ಲ ಮುಂಚಿತವಾಗಿಯೇ ಕಿರುಚಿ ಓಡುತ್ತಿದ್ದ.

ಭಾನುವಾರ ಬೋಳಿಸುವ ತಲೆಯಲ್ಲಿ ಗಂಟಿದ್ದರೇನು ಎಂದು ಬೇರೆ ಮನೆಯವರು ಅನ್ನಬಹುದು. ಈ ಮನೆಯಲ್ಲಿ ಹಾಗನ್ನುವಂತಿರಲಿಲ್ಲ. ಕೂದಲು ತಾನಾಗಿ ಗಂಟುಗಟ್ಟಿತೆಂದರೆ ದೇವರು ಜಡೆ ಕೊಟ್ಟ ಎಂದು ಅಂಕಮ್ಮನ ಲೆಕ್ಕ. ದೇವರು ಕೊಟ್ಟ ಜಡೆಗೆ ಕತ್ತಿ ತಾಗಿಸುವಂತಿಲ್ಲ. ಅಂಕಮ್ಮನ ಸೋದರತ್ತೆ ದೊಡ್ಡಲಕ್ಷ್ಮಮ್ಮ ಅಂಥದೊಂದು ಜಡೆಯನ್ನು ಸಾಯುವವರೆಗೂ ಸಿಂಬಿ ಸುತ್ತಿ ಹೊತ್ತಿದ್ದಳಂತೆ. ಈ ಗಂಟು ಅತ್ತೆಯ ಕಣ್ಣಿಗೆ ಬಿದ್ದರೆ ಮುಡಿ ಇಲ್ಲ. ಮುಡಿ ಇಲ್ಲದಿದ್ದರೆ ಅಣ್ಣ ಬರುವುದಿಲ್ಲ. ನಂಜುಂಡ ಮೀಸೆ ಬಂದ ಮೇಲೂ ಜಡೆ ಹಾಕಿಕೊಂಡು ಆಫೀಸಿಗೆ ಹೋಗುವುದು ಅವಳ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಗ್ಗೆ ಅವಳು ಪಕ್ಕದ ಬೀದಿಯ ಬಾಬಾಜಾನನ ಬಾಗಿಲಿಗೆ ಹೋದಳು. ಬಾಬಾಜಾನ್ ಬೊಂಬೆ ಮಾಡುವವನು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಅದು ಬಿಸಿಗೆ ಕರಗಿ ಮರಕ್ಕೆ ಮೆತ್ತಿಕೊಳ್ಳುವುದನ್ನು ನೋಡಲು ನಂಜುಂಡ ದಿನಾ ಅಲ್ಲಿ ಹಾಜರು.

"ಭಾಯ್, ಇವನ ತಲೇಗೊಂದು ಬಾಚಣಿಗೆ ಮಾಡ್ಕೊಡ್ಬೇಕು."

"ಬಾಚಣಿಗೆ ಅಂಗಡೀಲಿ ಸಿಗಲ್ವೇನಕ್ಕಾ?"

"ಅಂಗಡಿಯವೆಲ್ಲಾ ಮುರ್ದು ಇವನ ತಲೇಲೇ ಅವೆ."

ಬಾಬಾಜಾನ್ ಲೇತು ನಿಲ್ಲಿಸಿ ನಂಜುಂಡನ ಕೂದಲನ್ನು ಹಿಡಿಹಿಡಿಯಾಗಿ ಎತ್ತಿ ನೋಡಿದ. ಗಂಟನ್ನು ಒತ್ತಿ ನೋಡಿ ನಾಲಿಗೆ ಲೊಟಕ್ಕೆನ್ನಿಸಿದ. ಒಳಗಿನಿಂದ ಅವನ ಹೆಂಡತಿ ಅಮೀರುನ್ನೀಸಾ ಬಂದು ತಾನೂ ಒತ್ತಿ ನೋಡಿದಳು.

"ಯಾ ಅಲ್ಲಾ, ಇದು ಕೂದ್ಲಾ ಕಾಲೊರಸೋ ಮ್ಯಾಟಾ? ಬಾಚ್ಣಿಗೆ ಗಟ್ಟಿ ಆದ್ರೆ ಮಗು ಅಳ್ತದೆ. ಮೆತ್ತಗಾದ್ರೆ ಬಾಚ್ಣಿಗೆ ಅಳ್ತದೆ. ಏನ್ ಮಾಡ್ತೀರಿ ಈಗ?"

"ಗಂಟು ಹಟ ಮಾಡಿದ್ರೆ ಕಡ್ಡಿ ಬಗ್ಗಬೇಕು, ಹಟ ಬಿಟ್ರೆ ಕಡ್ಡಿ ನೆಟ್ಟಗಾಗ್ಬೇಕು" ಎಂದ ಬಾಬಾಜಾನ್.

"ನನ್ನಂಗೆ" ಎಂದಳು ಅಮೀರುನ್ನೀಸಾ.

ಬಾಬಾಜಾನನಿಗೆ ಆಗಲೇ ಏನೋ ಹೊಳೆದಿತ್ತು. ಅಂಗೈ ಅಗಲದ ಮರವನ್ನು ದೋಣಿಯ ಹಾಗೆ ತೋಡಿದ. ಅದರ ಬಾಯಿಗೆ ಹಳೇ ಸೈಕಲ್ ಟ್ಯೂಬನ್ನು ಡೋಲಿನ ಚರ್ಮದಂತೆ ಬಿಗಿದು, ತುದಿ ಮಣಿಯಂತೆ ದುಂಡಗಿದ್ದ ಸಣ್ಣ ಮರದ ಕಡ್ಡಿಗಳನ್ನು ಒಂದು ಗಿಡ್ಡ ಒಂದು ಉದ್ದವಾಗಿ ಅದರಲ್ಲಿ ನೆಟ್ಟ. ನೆಟ್ಟು ಬುಡಕ್ಕೆ ಅರಗು ಇಟ್ಟ. ಬಾಬಾಜಾನನ ಮನೆಯಲ್ಲಿ ಕಪ್ಪಿನ ಮುರಿದ ಹಿಡಿಯಿಂದ ಗಡಿಯಾರದ ಬಿದ್ದ ಮುಳ್ಳಿನವರೆಗೆ ಎಲ್ಲಕ್ಕೂ ಅರಗೇ ಔಷಧಿ. ಕೊನೆಗೆ ಕೈ ಸುಮ್ಮನಿರದೆ ಬೆನ್ನಿಗೊಂದು ಕೆಂಪು ರುಮಾಲು, ಎರಡು ದುಂಡು ಕಣ್ಣು ಮತ್ತು ಕಿವಿಯವರೆಗೂ ಹೋಗುವ ಮೀಸೆ ಬರೆದ.

"ಯಾರಿದು?" ನಂಜುಂಡ ಕೇಳಿದ.

"ನೀನೇ ಹೇಳು ಬೇಟಾ."

ನಂಜುಂಡ ಮೀಸೆಯನ್ನು ನೋಡಿ ಬಹಳ ಹೊತ್ತು ಯೋಚಿಸಿ, "ಪಾಳೇಗಾರ" ಎಂದ.

ಪಾಳೇಗಾರ ಬಂದ ಮೇಲೆ ಬೆಳಗಿನ ಒದೆತ ನಿಂತಿತು. ಗಂಟು ಎದುರಾದರೆ ರಬ್ಬರು ತಗ್ಗಿ ಕಡ್ಡಿಗಳು ಬಗ್ಗಿ ನಿಲ್ಲುತ್ತಿದ್ದವು. ನಂಜುಂಡ ಅದರ ಜೊತೆ ಮಾತಾಡುತ್ತಿದ್ದ. "ಒಸಿ ಮೆಲ್ಲಗೆ ಕಣ್ಲಾ ಪಾಳೇಗಾರ, ಅಲ್ಲಿ ದಂಡು ಐತೆ" ಎನ್ನುತ್ತಿದ್ದ. ಊಟಕ್ಕೆ ಕೂತರೆ ಪಕ್ಕದಲ್ಲಿ ಪಾಳೇಗಾರ, ಮಲಗಿದರೆ ದಿಂಬಿನ ಮೇಲೆ ಪಾಳೇಗಾರ. ಅಂಕಮ್ಮ ಇಲ್ಲದ ಹೊತ್ತು ನೋಡಿ ನಾಗಲಕ್ಷ್ಮಮ್ಮ ಗಂಟಿನ ಅಂಚನ್ನು ದಿನಾ ಒಂದಿಷ್ಟು ಕರಗಿಸುತ್ತ ಬಂದಳು. ಶುಕ್ರವಾರದ ಹೊತ್ತಿಗೆ ನಿಂಬೆಹಣ್ಣು ನೆಲ್ಲಿಕಾಯಿಯಾಗಿತ್ತು.

ಶನಿವಾರ ಅಂಕಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋದಳು. ಮಾರನೇ ದಿನ ದೇವರ ಮುಂದೆ ಕೂರುವ ತಲೆ ಎಂದು ನಾಗಲಕ್ಷ್ಮಮ್ಮ ಮಗನಿಗೆ ಎಣ್ಣೆ ಒತ್ತಿ ಸೀಗೆಪುಡಿ ಹಾಕಿ ನೀರು ಹೊಯ್ದಳು. ಬಾಂಡ್ಲಿಯಲ್ಲಿ ಕೆಂಡ ಹಾಕಿ, ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರಿನ ಮಕ್ಕರಿ ಬೋರಲು ಹಾಕಿ, ಅದರ ಮೇಲೆ ಅವನ ಕೂದಲನ್ನು ಹರಡಿದಳು. ಒಲೆಯ ಮೇಲಿದ್ದ ಉಪ್ಪಿಟ್ಟು ಹೊತ್ತುವ ವಾಸನೆ ಬಂದು ಒಳಗೆ ಓಡಿದಳು.

ಪಾಳೇಗಾರನೂ ನೀರಿನಲ್ಲಿ ನೆಂದಿದ್ದ. ನಂಜುಂಡ ಅವನನ್ನೂ ಮಕ್ಕರಿಯ ಮೇಲೆ, ಹೊಗೆ ಚೆನ್ನಾಗಿ ಬರುವ ಕಂಡಿ ನೋಡಿ, ಕಡ್ಡಿ ಕೆಳಗಾಗಿ ಮಲಗಿಸಿದ. ಶೀತವಾಗಬಾರದಲ್ಲ.

ನಾಗಲಕ್ಷ್ಮಮ್ಮ ಬಂದು ಬ್ರಶ್ಶು ಕೈಗೆತ್ತಿಕೊಂಡಾಗ ಅದು ಬೆಚ್ಚಗಿತ್ತು. ಬೆಚ್ಚಗಿದ್ದರೆ ಇನ್ನೂ ಒಳ್ಳೆಯದು, ಗಂಟು ಸಡಿಲಾಗುತ್ತದೆ ಎಂದುಕೊಂಡಳು. ಇವತ್ತು ಇದನ್ನು ಮುಗಿಸಿಯೇ ಬಿಡಬೇಕೆಂದು ಪಾಳೇಗಾರನನ್ನು ನೆಲ್ಲಿಕಾಯಿಯ ಮೇಲೆ ಒತ್ತಿ ಹಿಡಿದಳು, ಸುತ್ತ ಆಡಿಸಿದಳು, ಆಮೇಲೆ ಎಳೆದಳು. ಹಿಡಿ ಸಲೀಸಾಗಿ ಕೈಗೆ ಬಂತು. ರಬ್ಬರು ಬಂತು, ರುಮಾಲು ಬಂತು, ಮೀಸೆ ಬಂತು. ಕಡ್ಡಿಗಳು ಬರಲಿಲ್ಲ. ಅವು ಮೆತ್ತಗಾದ ಅರಗಿನ ಸಮೇತ ಮಗನ ತಲೆಯಲ್ಲೇ ಉಳಿದವು. ಅವಳು ಗಾಬರಿಯಿಂದ ಅವನ್ನು ಹಿಡಿದು ಅಲ್ಲಾಡಿಸುವಷ್ಟರಲ್ಲಿ ಅರಗು ಆರಿ ಗಟ್ಟಿಯಾಗಿತ್ತು.

ನಂಜುಂಡ ಹಿಂದೆ ಕೈ ಹಾಕಿ ಮುಟ್ಟಿ ನೋಡಿಕೊಂಡ. "ಅವ್ವ, ನಂಗೆ ಹಲಸಿನಹಣ್ಣು ಬಂದೈತೆ" ಎಂದು ನಕ್ಕ. ಆಮೇಲೆ ಅವ್ವನ ಕೈಯಲ್ಲಿದ್ದ ಬೋಳು ಪಾಳೇಗಾರನನ್ನು ನೋಡಿ ಬಾಯಿ ತೆರೆದ. ಆ ಕೂಗಿಗೆ ಬಾಬಾಜಾನ್ ಮತ್ತು ಅಮೀರುನ್ನೀಸಾ ಪಕ್ಕದ ಬೀದಿಯಿಂದ ಓಡಿಬಂದರು.

"ಕೆಂಡದ ಮೇಲೆ ಅರಗು ಇಟ್ರಾ ಅಕ್ಕಾ?" ಬಾಬಾಜಾನ್ ತಲೆಯ ಮೇಲೆ ಕೈ ಹೊತ್ತ.

"ಸಾಂಬ್ರಾಣಿ ಹಾಕ್ತೀನಿ ಅಂತ ನಿಂಗೊತ್ತಿಲ್ವಾ ಭಾಯ್?"

"ನಂಗೆಂಗ್ ಗೊತ್ತಾಗ್ಬೇಕು?"

"ಯಾಕ್ ಗೊತ್ತಾಗಲ್ಲ?" ಅಮೀರುನ್ನೀಸಾ ಸೊಂಟಕ್ಕೆ ಕೈಯಿಟ್ಟಳು. "ಶುಕ್ರವಾರ ಶುಕ್ರವಾರ ನಿಮ್ಮ ಮಗಳ ತಲೇಗೆ ಲೋಬಾನ್ ಹೊಗೆ ಹಾಕೋದು ಯಾರು, ಫೈರ್ ಇಂಜಿನ್ನೋರಾ? ಅದೇ ರೂಮಲ್ಲಿ ಕೂತು ಕೆಮ್ತೀರಲ್ಲ."

ಬಾಬಾಜಾನ್ ಆ ವಿಷಯ ಬಿಟ್ಟು, "ಅರಗು ತಣ್ಣಗಾದಷ್ಟೂ ಗಾಜಿದ್ದಂಗೆ. ಚೆನ್ನಾಗಿ ತಣ್ಣಗ್ ಮಾಡಿ ಹಿಸುಕಿದ್ರೆ ಪುಡಿಯಾಗ್ತದೆ. ಐಸ್ ಬೇಕು" ಎಂದ.

ಐಸು ಎಂದರೆ ಆ ಹೊತ್ತಿಗೆ ಸಿಕ್ಕಿದ್ದು ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನ ಕೆಂಪು ಐಸ್‌ಕ್ಯಾಂಡಿ. ನಾಗಲಕ್ಷ್ಮಮ್ಮ ಒಂದು ಕೈಯಲ್ಲಿ ಒಂದು, ಅಮೀರುನ್ನೀಸಾ ಒಂದು ಕೈಯಲ್ಲಿ ಒಂದು ಹಿಡಿದು ಕತ್ತಿನ ಹಿಂದೆ ಒತ್ತಿದರು. ಮೂರನೆಯದನ್ನು ನಂಜುಂಡನ ಬಾಯಿಗೆ ಕೊಟ್ಟು ಅಳು ನಿಲ್ಲಿಸಿದರು. ರಾಗಿಹಿಟ್ಟಿನ ಡಬ್ಬ ಕಂಕುಳಲ್ಲಿಟ್ಟುಕೊಂಡು ಅಂಕಮ್ಮ ಒಳಗೆ ಕಾಲಿಟ್ಟದ್ದು ಆಗಲೇ. ಮೊಮ್ಮಗನ ಕತ್ತಿನಿಂದ ಬೆನ್ನ ಮೇಲೆ ಕೆಂಪಗೆ ಇಳಿಯುತ್ತಿತ್ತು, ಬಾಯಿಂದಲೂ ಇಳಿಯುತ್ತಿತ್ತು. ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟು ಅವಳು ಗೋಡೆ ಹಿಡಿದು ಕೂತುಬಿಟ್ಟಳು.

"ಅಜ್ಜಿ, ಒಸಿ ಚೀಪ್ತೀಯಾ?" ನಂಜುಂಡ ಕ್ಯಾಂಡಿ ಚಾಚಿದ.

ಅವಳ ಉಸಿರು ಸರಿಹೋಗುವಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ಬೀದಿಯ ನಡುವೆ, ಜಗಲಿಗೂ ತಾಗದಷ್ಟು ದೂರದಲ್ಲಿ, ಬಿಳಿ ಅಂಗಿ ತೊಟ್ಟ ಒಬ್ಬರು ನಿಂತಿದ್ದರು. ನಾಗಲಕ್ಷ್ಮಮ್ಮನಿಗೆ ತಕ್ಷಣ ಗುರುತು ಹತ್ತಲಿಲ್ಲ. ಅಣ್ಣನ ತಲೆ ಇಷ್ಟು ನರೆತಿರಬಹುದೆಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ.

"ರಾಮನಗರಕ್ಕೆ ಗೂಡು ಹಾಕಾಕೆ ಬಂದಿದ್ದೆ" ಎಂದ ಮುನಿರಾಮಯ್ಯ, ಎದುರುಮನೆಯ ಗೋಡೆ ನೋಡುತ್ತ. "ನಾಳೆ ಎಷ್ಟೊತ್ಗೆ ಅಂತ ಕೇಳ್ಕಂಡ್ ಹೋಗವಾ ಅಂತ. ಒಳಕ್ ಬರಾಕಿಲ್ಲ."

"ಬರೋದ್ ಬ್ಯಾಡ ಅನ್ನು" ಎಂದಳು ಅಂಕಮ್ಮ ಒಳಗಿನಿಂದ.

ನಾಗಲಕ್ಷ್ಮಮ್ಮ ಕೈಯಲ್ಲಿದ್ದ ಕ್ಯಾಂಡಿ ಕೆಳಗಿಟ್ಟಳು. ಮಗನ ರಟ್ಟೆ ಹಿಡಿದು ಹೊರಗೆ ಕರೆತಂದು ಬೆನ್ನು ತಿರುಗಿಸಿ ನಿಲ್ಲಿಸಿದಳು. ಮುನಿರಾಮಯ್ಯ ನೋಡಿದ. ಒಂದು ಹೆಜ್ಜೆ ಮುಂದೆ ಬಂದು ನೋಡಿದ. ಅವಳು ಒಂದು ಕಡ್ಡಿ ಹಿಡಿದು ಎಳೆದದ್ದೂ ನಂಜುಂಡ ಕುಯ್ಯೆಂದದ್ದೂ ಅವನ ಕೈಲಿ ನೋಡಲಾಗಲಿಲ್ಲ.

"ಅಂಗಲ್ಲ ಕಣವ್ವಾ. ಚಂದ್ರಿಕೆಯಿಂದ ಗೂಡು ಬಿಡಿಸ್ದಂಗೆ ಬಿಡಿಸ್ಬೇಕು. ಎಳ್ದ್ರೆ ಗೂಡೂ ಹಾಳು, ನೂಲೂ ಹಾಳು. ತತ್ತಾ ಇಲ್ಲಿ."

ಅವನು ಜಗಲಿಯ ಅಂಚಿಗೆ ಕೂತ. ಜಗಲಿ ಮನೆಯ ಒಳಗಲ್ಲ, ಆದ್ದರಿಂದ ಮಾತಿಗೆ ತಪ್ಪಿದಂತಾಗಲಿಲ್ಲ. ಅಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೆಬ್ಬೆರಳು ತೋರುಬೆರಳಿನಲ್ಲಿ ಅರಗನ್ನು ಹಿಸುಕಿ ಪುಡಿ ಮಾಡುತ್ತ, ಒಂದೊಂದೇ ಕಡ್ಡಿಯನ್ನು ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುವ ಹಾಗೆ ತಿರುವಿ ತಿರುವಿ ತೆಗೆದ. ನಂಜುಂಡ ತಾನು ಮೊದಲ ಸಲ ನೋಡುತ್ತಿರುವ ಮಾವನ ಅಂಗಿಗೆ ಕ್ಯಾಂಡಿ ಒರೆಸಿದ.

"ಬಿಸ್ಲಲ್ ಬಂದವ್ರೆ, ನೀರ್ ಬೇಕಾ ಕೇಳು" ಎಂದಳು ಅಂಕಮ್ಮ ಸೊಸೆಗೆ. ಅವಳಿಗೂ ಅವನಿಗೂ ನಡುವೆ ಇದ್ದದ್ದು ಒಂದು ಬಾಗಿಲು, ಅದೂ ತೆರೆದಿತ್ತು.

"ಬ್ಯಾಡ ಅನ್ನವ್ವ."

"ಬ್ಯಾಡವಂತೆ" ಎಂದಳು ನಾಗಲಕ್ಷ್ಮಮ್ಮ.

"ನಂಗೇನ್ ಕಿವುಡಾ?" ಎಂದಳು ಅಂಕಮ್ಮ.

ಕಡ್ಡಿಗಳೆಲ್ಲ ಈಚೆ ಬಂದವು. ನಾಗಲಕ್ಷ್ಮಮ್ಮ ಇನ್ನೇನು ಮಗನನ್ನು ಎಬ್ಬಿಸಿ ಒಳಗೆ ಕರೆದೊಯ್ಯಬೇಕು, ಅಷ್ಟರಲ್ಲಿ ಮುನಿರಾಮಯ್ಯ ಕೂದಲೆತ್ತಿ, ಊರಿಗೇ ಕೇಳುವಂತೆ, "ಇದೇನ್ ನಾಗು, ಇಲ್ಲೊಂದು ಗಂಟೈತೆ?" ಎಂದ. ಅವಳು ಕಣ್ಣು ಮಿಟುಕಿಸಿದಳು, ತಲೆ ಅಲ್ಲಾಡಿಸಿದಳು, ಬಾಯಿಗೆ ಬೆರಳಿಟ್ಟಳು. ಅಂಕಮ್ಮ ಆಗಲೇ ಹೊಸಿಲ ಮೇಲೆ ಬಂದು ನಿಂತಿದ್ದಳು. ಬಗ್ಗಿ ನೋಡಿದಳು. ಎರಡೂ ಕೈ ಜೋಡಿಸಿ ಮುಗಿದಳು.

"ಜಡೆ ಬಂದೈತೆ. ದೇವ್ರು ಇಟ್ಕಂಡವ್ನೆ. ನಾಳೆ ಕತ್ತಿ ತಾಗಿಸ್ಕೂಡ್ದು."

"ಅತ್ತೆಮ್ಮ, ಅದು ಸಿಕ್ಕು ಅಷ್ಟೆ. ಇದಕ್ ಮುಂಚೆ ಇನ್ನೂ ದೊಡ್ಡದಿತ್ತು" ಎಂದಳು ನಾಗಲಕ್ಷ್ಮಮ್ಮ.

"ದೊಡ್ಡದಿತ್ತಾ? ನಂಗ್ ಹೇಳ್ದೆ ದೇವರ ಜಡೇನ ನೀನು ಬಾಚ್ಬುಟ್ಟೆಯಾ?"

ನಾಗಲಕ್ಷ್ಮಮ್ಮನ ಕಣ್ಣು ತುಂಬಿತು. ಇಷ್ಟು ವರ್ಷ ಇವರಿಬ್ಬರ ನಡುವೆ ಅವಳು ಒಂದು ಮಾತೂ ಆಡಿರಲಿಲ್ಲ, ಬರೀ ಬಾಚಿದ್ದಳು. ಈಗ ಬಾಚಿದ್ದೇ ತಪ್ಪಾಗಿತ್ತು. ಅದನ್ನು ಕಂಡ ಮುನಿರಾಮಯ್ಯ ಮೊದಲ ಸಲ ಎದುರುಮನೆಯ ಗೋಡೆ ಬಿಟ್ಟು ಅಂಕಮ್ಮನ ಮುಖ ನೋಡಿದ.

"ದೀಪ ಹತ್ಸೋ ಹೊತ್ಗೆ ನಾನಿದನ್ನ ಬಿಡಿಸ್ತೀನಿ. ಬಿಟ್ಕಂಡ್ರೆ ಸಿಕ್ಕು, ನಾಳೆ ಮುಡಿ. ಬಿಡ್ನಿಲ್ಲ ಅಂದ್ರೆ ದೇವ್ರುದು, ನಾನ್ ಎದ್ದೋಯ್ತೀನಿ. ಆಯ್ತಾ?"

"ಎದ್ದೋಗೋದು ನಿಂಗೇನ್ ಹೊಸದಲ್ವಲ್ಲ" ಎಂದಳು ಅಂಕಮ್ಮ. ಆದರೂ, "ಆಯ್ತು. ದೇವ್ರೇ ನೋಡ್ಕಳ್ಳಿ" ಎಂದು ಹೊಸಿಲ ಒಳಗೆ ಕಾವಲು ಕೂತಳು.

ಬರೀ ಬೆರಳಿಗೆ ನೆಲ್ಲಿಕಾಯಿ ಬಗ್ಗಲಿಲ್ಲ. ಬಾಬಾಜಾನ್ ಬೋಳು ಪಾಳೇಗಾರನನ್ನು ಎತ್ತಿಕೊಂಡು ಓಡಿದ. ಲೇತಿನ ಸದ್ದು ಪಕ್ಕದ ಬೀದಿಯಿಂದ ಕೇಳುತ್ತಲೇ ಇತ್ತು. ಈ ಸಲ ಅವನು ಅರಗು ಮುಟ್ಟಲಿಲ್ಲ. ಒಂದೊಂದು ಕಡ್ಡಿಯ ಬುಡಕ್ಕೂ ಮೊಳೆಯ ತಲೆಯಂಥ ಗುಬ್ಬಿ ಬಿಟ್ಟು ಕಡೆದು, ರಬ್ಬರಿನ ತೂತಿಗೆ ಹಿಂದಿನಿಂದ ತೂರಿಸಿದ. ಎಳೆದರೂ ಈಚೆ ಬರುವಂತಿರಲಿಲ್ಲ. ತಂದುಕೊಟ್ಟಾಗ ನಂಜುಂಡ ತಿರುಗಿಸಿ ನೋಡಿದ. ಕೆಂಡದ ಶಾಖಕ್ಕೆ ಒಂದು ಕಡೆಯ ಮೀಸೆ ಕರಗಿ ಕೆನ್ನೆಗೆ ಇಳಿದಿತ್ತು. "ಇವ್ನು ಯುದ್ಧದಿಂದ ಬಂದವ್ನೆ" ಎಂದು ಒಪ್ಪಿಕೊಂಡ.

ಮುನಿರಾಮಯ್ಯ ಹೊರಗಿನ ಎಳೆಯಿಂದ ಶುರು ಮಾಡಿದ. ಬ್ರಶ್ಶಿನಲ್ಲಿ ನಾಲ್ಕು ಸಲ ಎಳೆದು ಸಡಿಲ ಮಾಡುವುದು, ಬೆರಳಲ್ಲಿ ಒಂದು ಎಳೆ ಬಿಡಿಸುವುದು, ಮತ್ತೆ ಬ್ರಶ್ಶು. ಹೊತ್ತು ಇಳಿಯಿತು. ಬೋರಯ್ಯ ಕೆಲಸದಿಂದ ಬಂದವನು ಜಗಲಿಯ ಮೇಲೆ ಭಾಮೈದನನ್ನು ಕಂಡು, ಅತ್ತ ಅವ್ವನನ್ನು ಕಂಡು, ಮನೆ ತಪ್ಪಿ ಬಂದವನಂತೆ ಮುಂದೆ ನಡೆದು, ಬೀದಿಯ ತುದಿಯವರೆಗೆ ಹೋಗಿ ವಾಪಸು ಬಂದ. ಸೊಳ್ಳೆ ಎದ್ದವು. ನಂಜುಂಡ ತೊಡೆಯ ಮೇಲೇ ತೂಕಡಿಸತೊಡಗಿದ. ಮುನಿರಾಮಯ್ಯ ಕಣ್ಣು ಕಿರಿದು ಮಾಡಿ ಕೂದಲನ್ನು ಮೂಗಿನ ಹತ್ತಿರ ಹಿಡಿದ.

"ಕಾಣಾಕಿಲ್ಲ ನಾಗು. ಲೈಟ್ ಹಾಕವ್ವ."

"ಹೊರಗಡೆ ಬಲ್ಬು ಹೋಗಿ ತಿಂಗಳಾಯ್ತಣ್ಣಯ್ಯ. ಒಳಗೈತೆ."

ಬೋರಯ್ಯ ಪೇಪರು ಹುಡುಕಿದ. ಆಮೇಲೆ ಅಂಕಮ್ಮ ನೆಲ ನೋಡುತ್ತ, "ಮಗೀಗ್ ಸೊಳ್ಳೆ ಕಚ್ತವ್ ಕಣಪ್ಪಾ, ಒಳಕ್ ಎತ್ಕಂಡ್ ಬಾ" ಎಂದಳು. ಈ ಸಲ ಸೊಸೆಯ ಮೂಲಕ ಹೇಳಲಿಲ್ಲ. ಮುನಿರಾಮಯ್ಯ ಬೆರಳಿಗೆ ಸಿಕ್ಕಿದ ಎಳೆಯನ್ನು ಬಿಡದೆ, ಅಳಿಯನನ್ನು ಹಾಗೆಯೇ ಎತ್ತಿಕೊಂಡು ಎದ್ದು ಬಂದು ಬಲ್ಬಿನ ಕೆಳಗೆ ಕೂತ. ಹೊಸಿಲು ದಾಟಿದ್ದು ಅವನ ಗಮನಕ್ಕೆ ಬಂದದ್ದು ಕೂತ ಮೇಲೆಯೇ. ಆಗ ಏಳುವಂತಿರಲಿಲ್ಲ, ಗಂಟು ಬಾಯಿ ಬಿಡುತ್ತಿತ್ತು.

ಗಂಟಿನ ಹೊಟ್ಟೆಯಿಂದ ಮೊದಲು ಬಾಚಣಿಗೆಯ ಒಂದು ಹಲ್ಲು ಬಂತು. ಆಮೇಲೆ ಗಾಳಿಪಟದ ದಾರ. ಕೊನೆಗೆ, ಎಲ್ಲಕ್ಕೂ ನಡುವೆ, ಒಣಗಿ ಕಲ್ಲಾಗಿದ್ದ ಗುಲಾಬಿ ಬಣ್ಣದ ಏನೋ ಒಂದು. ಮುನಿರಾಮಯ್ಯ ಅದನ್ನು ಬಲ್ಬಿಗೆ ಹಿಡಿದು ನೋಡಿದ, ಮೂಸಿದ, ಅಂಕಮ್ಮನ ಕೈಗೆ ಕೊಟ್ಟ.

"ಅತ್ತೆಮ್ಮ, ನಿಮ್ಮನೆ ದೇವ್ರು ಬಬಲ್‌ಗಮ್ ಅಗೀತಾನಾ?"

ನಂಜುಂಡನ ತೂಕಡಿಕೆ ಹಾರಿಹೋಯಿತು. "ಬಾಯಲ್ ಇಟ್ಕಂಡು ಮಲ್ಗಿದ್ದೆ" ಎಂದ ಸಣ್ಣ ದನಿಯಲ್ಲಿ. "ಬೆಳಗ್ಗೆ ಎದ್ದಾಗ ಇರ್ನಿಲ್ಲ. ನುಂಗ್ಬುಟ್ಟೆ ಅನ್ಕಂಡಿದ್ದೆ."

ಮೊದಲು ನಕ್ಕವಳು ಅಮೀರುನ್ನೀಸಾ. ಆಮೇಲೆ ಬಾಬಾಜಾನ್. ಅಂಕಮ್ಮ ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸಿದಳು. ಸೆರಗು ತೆಗೆದಾಗ ಮುಖದಲ್ಲಿ ನಗುವಿರಲಿಲ್ಲ.

"ಅವತ್ತು ಚೂರು ಮುಗ್ದೋಗಿತ್ತು ಕಣಪ್ಪ" ಎಂದಳು. "ಜನ ಜಾಸ್ತಿ ಬಂದ್ಬುಟ್ರು. ನಿನ್ನ ಎಲೆ ತಾವ ಬಂದಾಗ ಪಾತ್ರೇಲಿ ಬರೀ ಸಾರು. ಬೀಗರ ಮುಂದೆ ನಮ್ಮನೇಲಿ ಮುಗ್ದೋಯ್ತು ಅಂತ ಹೆಂಗೇಳ್ಳಿ? ಜಿಪುಣಿ ಅನ್ಕಂಡ್ರೂ ಅನ್ಕಳ್ಳಿ ಅಂತ ಮುಂದಕ್ ಹೋಗ್ಬುಟ್ಟೆ."

ಮುನಿರಾಮಯ್ಯ ಅಳಿಯನ ಕೂದಲನ್ನು ಬೆನ್ನ ಮೇಲೆ ನೇವರಿಸಿದ. ಅದು ಈಗ ಹುರಿ ಬಿಚ್ಚಿದ ರೇಷ್ಮೆಯಂತೆ ಇಳಿಬಿದ್ದಿತ್ತು.

"ಕಿವೀಲ್ ಹೇಳಿದ್ರೆ ಆಯ್ತಿರ್ನಿಲ್ವಾ ಅತ್ತೆಮ್ಮ" ಎಂದ. ಆಮೇಲೆ, "ಒಂದ್ ಲೋಟ ನೀರ್ ಕೊಡವ್ವ" ಎಂದು ತಂಗಿಯನ್ನು ಕೇಳಿದ. ಕುಡಿದು ಲೋಟ ಕೆಳಗಿಟ್ಟು, ಇನ್ನೊಂದು ಸಲ ಕೂದಲು ನೋಡಿದ. "ಎಂಥಾ ಕೂದ್ಲು. ಇಷ್ಟ್ ಕಷ್ಟಪಟ್ಟು ಬಿಡ್ಸಿವ್ನಿ. ನಾಳೆನೇ ಬೋಳಿಸ್ಬುಡ್ಬೇಕಾ? ಬರೋ ವರ್ಸ ಆದ್ರೆ..."

"ನಾಳೆನೇ" ಎಂದಳು ನಾಗಲಕ್ಷ್ಮಮ್ಮ. ದನಿ ಅವಳದ್ದೇ ಎಂದು ಯಾರಿಗೂ ಅನ್ನಿಸಲಿಲ್ಲ. "ಬರೋ ವರ್ಸ ಬೇಕು ಅನ್ನೋರು ಬಂದು ಒಂದ್ ವರ್ಸ ಬಾಚಿ."

ಯಾರೂ ಮುಂದೆ ಬರಲಿಲ್ಲ.

ಭಾನುವಾರ ಗುಡ್ಡದ ಮೇಲೆ ನಂಜುಂಡ ಮಾವನ ತೊಡೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಮೊದಲ ಎಳೆಯನ್ನು ಮಾವ ಕತ್ತರಿಸಬೇಕು. ಅವನು ಒಂದೆಳೆ ಕತ್ತರಿಸಿ ಅದನ್ನೇ ನೋಡುತ್ತ ಕೂತ. ಕ್ಷೌರದವನು "ಬುಡಿ ಸ್ವಾಮಿ, ಇನ್ನ ನಾನ್ ನೋಡ್ಕತೀನಿ" ಎಂದು ಕತ್ತರಿ ಇಸಿದುಕೊಂಡ. ನಂಜುಂಡ ಒಂದು ಹನಿಯೂ ಅಳಲಿಲ್ಲ. ಮುನಿರಾಮಯ್ಯ ಮಾತ್ರ ಪೂಜಾರಿಯ ಕರ್ಪೂರದ ಹೊಗೆ ಜಾಸ್ತಿಯಾಯಿತು ಎಂದ. ಕರ್ಪೂರ ಇನ್ನೂ ಹಚ್ಚಿರಲಿಲ್ಲ. ಬೋಳು ತಲೆಗೆ ಗಂಧ ಹಚ್ಚಿಸಿಕೊಂಡು ಎದ್ದ ಹುಡುಗ ಗುಡಿಯ ಸುತ್ತ ಓಡಿದ, ಗಾಳಿ ನೆತ್ತಿಗೆ ತಗುಲಿದ ಬೆರಗಿಗೆ ಮತ್ತೊಂದು ಸುತ್ತು ಓಡಿದ.

"ಮುಡಿ ತೆಗ್ಸಿದ ಮಗ ಮೊದ್ಲು ಸೋದರಮಾವನ ಮನೇಲಿ ಉಣ್ಬೇಕು" ಎಂದಳು ಅಂಕಮ್ಮ, ಯಾರೂ ಕೇಳದಿದ್ದರೂ. "ಹೋಗ್ಬಾ ನಾಗು. ಒಂದ್ವಾರ ಇದ್ದು ಬಾ. ನಿನ್ ಗಂಡನ್ ಮುದ್ದೆ ನಾನ್ ತೊಳಸ್ತೀನಿ."

ರಾಮನಗರದ ಸ್ಟ್ಯಾಂಡಿನಲ್ಲಿ ಮಾಗಡಿಯ ಬಸ್ಸು ಹೊರಡಲು ಗುರುಗುಡುತ್ತಿತ್ತು. ಅಣ್ಣ ತಂಗಿಗೆ ಕಿಟಕಿಯ ಸೀಟು ಹಿಡಿದ. ಬಂಡೆಗಳ ನಡುವೆ ಬಸ್ಸು ಏರತೊಡಗಿದಾಗ ಕಂಡಕ್ಟರ್ ಬಂದು ನಂಜುಂಡನ ನೆತ್ತಿ ನೋಡಿದ.

"ಎಷ್ಟು ವಯಸ್ಸು?"

"ಇನ್ನೂ ಹಸುಗೂಸು. ಇವತ್ತಿನ್ನೂ ಮೊದಲ್ನೇ ಮುಡಿ ಆಗಿದ್ದು" ಎಂದ ಮುನಿರಾಮಯ್ಯ.

"ನಂಗೇಳು ವರ್ಸ" ಎಂದ ನಂಜುಂಡ. "ಎಲ್ಡ್ನೇ ಕ್ಲಾಸು. ಗಂಡ್ಸು."

ಕಂಡಕ್ಟರ್ ನಗುತ್ತ ಅರ್ಧ ಟಿಕೆಟ್ಟು ಹರಿದ. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು. ಬೆಳಗಿನ ಗಡಿಬಿಡಿಯಲ್ಲಿ ನಾಗಲಕ್ಷ್ಮಮ್ಮ ತನ್ನ ತಲೆಯನ್ನು ಬರೀ ಗಂಟು ಹಾಕಿ ಬಂದಿದ್ದಳು. ಅದು ಬಿಚ್ಚಿಕೊಂಡು ಗಾಳಿಗೆ ಸಿಕ್ಕಿ ಮುಖಕ್ಕೂ ಕಿಟಕಿಯ ಸರಳಿಗೂ ಸುತ್ತಿಕೊಳ್ಳುತ್ತಿತ್ತು.

"ಕಿಟಕಿ ಎಳ್ಕವ್ವ, ಕೂದ್ಲೆಲ್ಲ ಸಿಕ್ಕಾಯ್ತದೆ" ಎಂದ ಅಣ್ಣ.

"ಆಗ್ಲಿ ಬುಡು ಅಣ್ಣಯ್ಯ" ಎಂದು ಅವಳು ಮುಖವನ್ನು ಇನ್ನಷ್ಟು ಹೊರಗೆ ಚಾಚಿದಳು.